ನಮ್ಮ ಆಶೆಯೂ ದೇವರ ಚಿತ್ತವೂ

ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ನಮ್ಮನ್ನು ಪ್ರೀತಿಯಿಂದ ಕೇಳಿಕೊಂಡಿದ್ದಾರೆ. ಶಾಲೆಯ ಚರಿತ್ರೆಯನ್ನೂ ಕಟ್ಟಡಗಳ ಬೆಳವಣಿಗೆಯನ್ನೂ ಪರೀಕ್ಷೆಗಳ ಫಲಿತಾಂಶಗಳನ್ನೂ ಕುರಿತು ನಮಗಿಂತ ಚೆನ್ನಾಗಿ ಬರೆಯಬಲ್ಲವರು ಇರುವುದರಿಂದ ಆ ಭಾರವನ್ನು ಅವರಿಗೇ ಬಿಟ್ಟು, ಈ ಶಾಲೆಯಲ್ಲಿ ವಿದ್ಯಾರ್ಥಿನಿಯಾಗಿಯೂ ಅನಂತರ 35 ವರ್ಷಗಳ ಕಾಲ ಉಪಾಧ್ಯಾಯಿನಿಯಾಗಿಯೂ ಇದ್ದ ನಮ್ಮ ಮುಂದೆ ಮತ್ತೆ ಮತ್ತೆ ಬಂದು ನಿಂತ ಒಂದು ಪ್ರಶ್ನೆಯನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇವೆ. ಹತ್ತನೆಯ ತರಗತಿಯ ಹುಡುಗಿಯರು ಶಾಲೆಯನ್ನು ಬಿಡುವ ತಿಂಗಳಲ್ಲಿ ಒಬ್ಬೊಬ್ಬರಾಗಿ ಬಂದು ಕೇಳುತ್ತಿದ್ದ ಪ್ರಶ್ನೆ ಅದು: “ಟೀಚರ್, ನಮ್ಮ ಆಶೆ ಯಾವುದು, ದೇವರ ಚಿತ್ತ ಯಾವುದು ಎಂದು ತಿಳಿಯುವುದು ಹೇಗೆ? ಎರಡೂ ಬೇರೆಯಾದರೆ ಏನು ಮಾಡಬೇಕು?”

ಎರಡನೆಯ ಪ್ರಶ್ನೆಗೆ ಉತ್ತರವು ಕ್ರೈಸ್ತರ ಮನೆಯಲ್ಲಿ ಹುಟ್ಟಿದ ಮಕ್ಕಳಿಗೆಲ್ಲಾ ಬಾಯಿಪಾಠವಾಗಿರುತ್ತದೆ. ದೇವರ ಚಿತ್ತವೇ ಮೊದಲು, ನಮ್ಮ ಆಶೆ ಆಮೇಲೆ. ಕಷ್ಟವಿರುವುದು ಮೊದಲನೆಯ ಪ್ರಶ್ನೆಯಲ್ಲಿ. ಬಾಯಿಪಾಠವಾದ ಉತ್ತರವನ್ನು ಬಾಳಿನಲ್ಲಿ ಇಳಿಸುವಾಗ ಎಷ್ಟೋ ಸಲ ನಾವು ದೇವರ ಚಿತ್ತವೆಂದು ಹೆಸರಿಟ್ಟು ಕರೆಯುವುದು ನೆರೆಯವರ ಮಾತಾಗಿರುತ್ತದೆ, ಹಿರಿಯರ ಅನುಕೂಲವಾಗಿರುತ್ತದೆ, ಅಥವಾ ನಮ್ಮದೇ ಅಂಜಿಕೆಯಾಗಿರುತ್ತದೆ. ಆದಕಾರಣ ಈ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು.

ನಮ್ಮ ಶಾಲೆಯಲ್ಲಿ ದಿನಾಲೂ ಬೆಳಿಗ್ಗೆ ಕರ್ತನು ಕಲಿಸಿದ ಪ್ರಾರ್ಥನೆಯನ್ನು ಹೇಳುತ್ತಿದ್ದೆವು. ಅದರ ವಿಜ್ಞಾಪನೆಗಳ ಕ್ರಮವನ್ನು ಓದುಗರು ಒಮ್ಮೆ ಜ್ಞಾಪಿಸಿಕೊಳ್ಳಲಿ. ಮೊದಲು ದೇವರ ನಾಮ, ಬಳಿಕ ಆತನ ರಾಜ್ಯ, ಮೂರನೆಯದಾಗಿ ಆತನ ಚಿತ್ತ. ಇವು ಮೂರೂ ಆದ ಮೇಲೆ ನಮ್ಮ ಈ ದಿನದ ರೊಟ್ಟಿ. ಈ ಕ್ರಮದಲ್ಲಿ ಎರಡು ಪಾಠಗಳಿವೆ. ದೇವರ ಚಿತ್ತವು ನಮ್ಮ ರೊಟ್ಟಿಗಿಂತ ಮೊದಲು ಬರುತ್ತದೆಂಬುದು ಒಂದು. ರೊಟ್ಟಿಯು ಕಡೆಗೆ ಬಂದರೂ ಬಿಟ್ಟುಹೋಗಿಲ್ಲವೆಂಬುದು ಇನ್ನೊಂದು. ಹಸಿವೆಯೂ ಆಶೆಯೂ ಪಾಪವಾಗಿದ್ದರೆ ಕರ್ತನು ಅವುಗಳಿಗೆ ತನ್ನ ಪ್ರಾರ್ಥನೆಯಲ್ಲಿ ಸ್ಥಳ ಕೊಡುತ್ತಿರಲಿಲ್ಲ. ಆಶೆಯನ್ನು ಕೊಂದುಹಾಕಿರೆಂದು ಆತನು ಕಲಿಸಲಿಲ್ಲ. ಅದನ್ನು ಅದರ ಸ್ಥಾನದಲ್ಲಿ ಇರಿಸಿರೆಂದು ಕಲಿಸಿದನು.

ಆತನು ಕಲಿಸಿದ್ದನ್ನು ತಾನೇ ಮಾಡಿ ತೋರಿಸಿದ್ದು ಗೆತ್ಸೇಮನೆ ತೋಟದಲ್ಲಿ. ಆ ಹೆಸರಿಗೆ ಎಣ್ಣೆಯ ಗಾಣವೆಂದು ಅರ್ಥ. ಒಲೀವ ಕಾಯಿಗಳನ್ನು ಹಿಂಡಿ ಎಣ್ಣೆ ತೆಗೆಯುವ ಆ ಸ್ಥಳದಲ್ಲಿ ಕರ್ತನ ಹೃದಯವೂ ಹಿಂಡಲ್ಪಟ್ಟಿತು. ಅಲ್ಲಿ ಆತನು ಮೊಟ್ಟಮೊದಲು ಮಾಡಿದ್ದೇನು? ತನ್ನ ಆಶೆಯನ್ನು ಮುಚ್ಚುಮರೆಯಿಲ್ಲದೆ ತಂದೆಯ ಮುಂದೆ ಇಟ್ಟನು. ಕಷ್ಟದ ಪಾತ್ರೆಯು ತನ್ನನ್ನು ಬಿಟ್ಟುಹೋಗಬೇಕೆಂದು ಕೇಳಿದನು. ಒಂದು ಸಲವಲ್ಲ, ಮೂರು ಸಲ. ಆ ಮೇಲೆ ತನ್ನ ಇಚ್ಛೆಯನ್ನು ತಂದೆಯ ಇಚ್ಛೆಗೆ ಒಪ್ಪಿಸಿಕೊಟ್ಟನು. ಕೇಳದೆ ಒಪ್ಪಿಕೊಳ್ಳುವುದೇ ಭಕ್ತಿಯೆಂದು ತಿಳಿದವರು ಈ ತೋಟವನ್ನು ದೂರದಿಂದ ನೋಡಿದವರು. ಒಳಗೆ ಹೋಗಿ ನೋಡಿದರೆ, ಒಪ್ಪಿಸಿಕೊಡುವುದಕ್ಕೆ ಮುಂಚೆ ಕೈಯಲ್ಲಿ ಏನಾದರೂ ಇರಬೇಕೆಂಬುದು ತಿಳಿಯುತ್ತದೆ. ಬರಿಗೈಯವರು ಏನನ್ನು ಒಪ್ಪಿಸಿಕೊಟ್ಟಾರು?

ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಾದ್ದರಿಂದ ಸತ್ಯವೇದದ ಇಬ್ಬರು ಸ್ತ್ರೀಯರನ್ನೂ ಇಲ್ಲಿ ಸ್ಮರಿಸುವುದು ಯುಕ್ತ. ಹನ್ನಳು ಮಗನಿಗಾಗಿ ದೇವಾಲಯದಲ್ಲಿ ಕಣ್ಣೀರಿಟ್ಟು ಬೇಡಿಕೊಳ್ಳುತ್ತಿದ್ದಾಗ, ಯಾಜಕನಾದ ಏಲಿಯು ಆಕೆಯ ತುಟಿಗಳು ಮಾತ್ರ ಅಲುಗುವುದನ್ನು ಕಂಡು ಆಕೆ ಕುಡಿದು ಮತ್ತಳಾಗಿದ್ದಾಳೆಂದು ಭಾವಿಸಿದನು. ದೇವಾಲಯದಲ್ಲಿ ಸೇವೆಮಾಡುವ ಹಿರಿಯನಿಗೂ ಒಬ್ಬ ಹೆಣ್ಣಿನ ಪ್ರಾರ್ಥನೆ ಅರ್ಥವಾಗದೆ ಹೋದದ್ದುಂಟು. ಆಕೆ ತಲೆತಗ್ಗಿಸಿ ಹೊರಟುಹೋಗದೆ ತನ್ನ ದುಃಖವನ್ನು ವಿನಯದಿಂದ ತಿಳಿಸಿದ ಮೇಲೆ ಅವನು ಆಶೀರ್ವದಿಸಿ ಕಳುಹಿಸಿದನು. ಬೇಡಿ ಪಡೆದ ಮಗನನ್ನು ಆಕೆಯೇ ತಂದು ದೇವರ ಸೇವೆಗೆ ಒಪ್ಪಿಸಿದಳು. ಇನ್ನು ಕನ್ಯೆಯಾದ ಮರಿಯಳು. ದೇವದೂತನು ತಂದ ವಾರ್ತೆಗೆ ಆಕೆ ತನ್ನನ್ನು ಒಪ್ಪಿಸಿಕೊಟ್ಟಳೆಂಬುದನ್ನು ನಾವೆಲ್ಲರೂ ಹಾಡಿ ಹೊಗಳುತ್ತೇವೆ; ಆದರೆ ಒಪ್ಪುವುದಕ್ಕೆ ಮೊದಲು ಇದು ಹೇಗಾದೀತೆಂದು ಆಕೆ ಪ್ರಶ್ನೆ ಕೇಳಿದಳೆಂಬುದನ್ನು ಅಷ್ಟಾಗಿ ನೆನೆಸುವುದಿಲ್ಲ. ದೂತನು ಆ ಪ್ರಶ್ನೆಗೆ ಸಿಟ್ಟಾಗಲಿಲ್ಲ, ಉತ್ತರ ಕೊಟ್ಟನು. ದೇವರ ಚಿತ್ತವು ಪ್ರಶ್ನೆಗೆ ಹೆದರುವಂಥದ್ದಲ್ಲ.

ಅಪೊಸ್ತಲನಾದ ಪೌಲನ ಸಂಗತಿಯೂ ಇದಕ್ಕೆ ಸೇರಿದ್ದೇ. ಅವನು ಬಿಥೂನ್ಯ ಸೀಮೆಗೆ ಹೋಗಬೇಕೆಂದು ಪ್ರಯತ್ನಪಟ್ಟನು. ಸುವಾರ್ತೆಯನ್ನು ಸಾರಬೇಕೆಂಬ ಅವನ ಆಶೆ ಒಳ್ಳೆಯದೇ. ಆದರೂ ಆ ಬಾಗಿಲು ಮುಚ್ಚಿಹೋಯಿತು. ಸಮುದ್ರತೀರದ ತ್ರೋವ ಪಟ್ಟಣದಲ್ಲಿ ರಾತ್ರಿ ಮಕೆದೋನ್ಯದ ಒಬ್ಬ ಮನುಷ್ಯನು ನಿಂತು ಸಹಾಯಕ್ಕಾಗಿ ಕರೆಯುವ ದರ್ಶನ ಅವನಿಗಾಯಿತು. ಅವನು ಕಡಲು ದಾಟಿ ಫಿಲಿಪ್ಪಿಗೆ ಹೋಗಿ ನೋಡಿದರೆ, ಪ್ರಾರ್ಥನೆಗೆಂದು ಹೊಳೆಯ ದಡದಲ್ಲಿ ಕೂಡಿ ಬಂದಿದ್ದವರು ಸ್ತ್ರೀಯರು. ಅವರಲ್ಲಿ ಲುದ್ಯಳೆಂಬ, ಧೂಮ್ರವರ್ಣದ ವಸ್ತ್ರಗಳ ವ್ಯಾಪಾರ ಮಾಡುತ್ತಿದ್ದ ಒಬ್ಬಾಕೆಯ ಮನೆಯೇ ಅಲ್ಲಿಯ ಸಭೆಗೆ ಮೊದಲ ಆಶ್ರಯವಾಯಿತು. ದರ್ಶನದಲ್ಲಿ ಕಂಡವನು ಗಂಡಸು, ಎದುರಿಗೆ ಸಿಕ್ಕಿದವರು ಹೆಂಗಸರು. ದೇವರ ಚಿತ್ತವನ್ನು ಅನುಸರಿಸಿ ಹೊರಟವರಿಗೂ ಅದರ ಪೂರ್ತಿ ಚಿತ್ರ ಮುಂಚಿತವಾಗಿ ಸಿಕ್ಕುವುದಿಲ್ಲ. ಮುಂದಿನ ಒಂದು ಹೆಜ್ಜೆಗೆ ಬೇಕಾದಷ್ಟೇ ಬೆಳಕು ಸಿಕ್ಕುತ್ತದೆ.

ಇವು ಹಳೆಯ ಕಾಲದ ಮಾತುಗಳೆಂದು ಯಾರಾದರೂ ಹೇಳಬಹುದು. ಹಾಗಾದರೆ ನಮ್ಮ ನೆರೆಯ ತಮಿಳು ಸೀಮೆಯಲ್ಲಿ ನಡೆದ ಒಂದು ಸಂಗತಿಯನ್ನು ಕೇಳಿರಿ. ಐಡಾ ಸ್ಕಡರ್ ಅಮ್ಮನವರು 1870ರಲ್ಲಿ ರಾಣಿಪೇಟೆಯಲ್ಲಿ ಹುಟ್ಟಿದರು. ಅವರ ಅಜ್ಜನವರೂ ತಂದೆಯವರೂ ವೈದ್ಯ ಮಿಶನರಿಗಳು. ಆದರೆ ಅಮೇರಿಕದಲ್ಲಿ ಓದುತ್ತಿದ್ದ ಆ ತರುಣಿಗೆ ತಾನೂ ಮಿಶನರಿಯಾಗಬೇಕೆಂಬ ಮನಸ್ಸು ಎಳ್ಳಷ್ಟೂ ಇರಲಿಲ್ಲ. ಸ್ವದೇಶದಲ್ಲಿ ಮದುವೆಯಾಗಿ, ಮನೆಮಾಡಿಕೊಂಡು, ಸುಖವಾಗಿ ಬಾಳಬೇಕೆಂಬುದು ಅವರ ಆಶೆ. ಅದರಲ್ಲಿ ಕೆಟ್ಟದ್ದೇನೂ ಇಲ್ಲ. 1890ರಲ್ಲಿ ತಾಯಿಯವರ ಕಾಯಿಲೆಯ ದೆಸೆಯಿಂದ ತಿಂಡಿವನಕ್ಕೆ ಬಂದರೂ ಬೇಗನೆ ಹಿಂದಿರುಗಬೇಕೆಂದೇ ಅವರ ಸಂಕಲ್ಪವಾಗಿತ್ತು.

ಹೀಗಿರಲಾಗಿ ಒಂದು ರಾತ್ರಿ ಒಬ್ಬ ಬ್ರಾಹ್ಮಣನು ಬಂದು, ತನ್ನ ಎಳೆಯ ಹೆಂಡತಿಯು ಹೆರಿಗೆಯ ಸಂಕಟದಲ್ಲಿದ್ದಾಳೆ, ಬಂದು ಕಾಪಾಡಬೇಕೆಂದು ಐಡಾ ಅವರನ್ನು ಬೇಡಿದನು. ತಾನು ವೈದ್ಯಳಲ್ಲ, ತನ್ನ ತಂದೆಯವರು ವೈದ್ಯರು, ಅವರನ್ನು ಕರೆದುಕೊಂಡು ಹೋಗಿರೆಂದು ಅವರು ಹೇಳಿದರು. ಪರಪುರುಷನು ತನ್ನ ಹೆಂಡತಿಯನ್ನು ನೋಡಕೂಡದೆಂದು ಅವನು ಹೊರಟುಹೋದನು. ಅದೇ ರಾತ್ರಿ ಒಬ್ಬ ಮುಸಲ್ಮಾನನೂ, ಬಳಿಕ ಬೇರೆ ಜಾತಿಯ ಇನ್ನೊಬ್ಬ ಹಿಂದೂ ಗೃಹಸ್ಥನೂ ಬಂದು ಅದನ್ನೇ ಬೇಡಿ, ಅದೇ ಉತ್ತರವನ್ನು ಕೇಳಿ, ಅದೇ ರೀತಿಯಲ್ಲಿ ಹಿಂದಿರುಗಿದರು. ಬೆಳಗಾಗುವಾಗ ಆ ಮೂವರು ಹೆಂಗಸರೂ ತೀರಿಹೋಗಿದ್ದರು. ಆ ಸಾವುಗಳು ದೇವರ ಚಿತ್ತವಾಗಿದ್ದವೆಂದು ಐಡಾ ಅವರು ಸಮಾಧಾನ ಮಾಡಿಕೊಳ್ಳಲಿಲ್ಲ. ಇನ್ನು ಮುಂದೆ ಹೀಗಾಗಬಾರದೆಂಬುದೇ ದೇವರ ಚಿತ್ತವೆಂದು ತಿಳಿದುಕೊಂಡರು. ತಾನು ವೈದ್ಯವಿದ್ಯೆಯನ್ನು ಕಲಿತು ಬರುವುದಾಗಿ ತಂದೆತಾಯಿಗಳಿಗೆ ತಿಳಿಸಿದರು. 1899ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯಕೀಯ ಪದವಿಯನ್ನು ಪಡೆದು, 1900ರಲ್ಲಿ ಹಿಂದಿರುಗಿ, 1902ರಲ್ಲಿ ವೆಲ್ಲೂರಿನಲ್ಲಿ ಹೆಂಗಸರಿಗಾಗಿ 40 ಹಾಸಿಗೆಗಳ ಆಸ್ಪತ್ರೆಯನ್ನು ತೆರೆದರು. 1909ರಲ್ಲಿ ದಾದಿಯರ ಶಾಲೆಯೂ 1918ರಲ್ಲಿ ಸ್ತ್ರೀಯರ ವೈದ್ಯಕೀಯ ಶಾಲೆಯೂ ಆರಂಭವಾದವು. 1947ರಲ್ಲಿ ಅಲ್ಲಿ ಗಂಡಸರಿಗೂ ಪ್ರವೇಶ ದೊರೆಯಿತು. ಅಮ್ಮನವರು 1960ರಲ್ಲಿ ಕೊಡೈಕೆನಾಲಿನಲ್ಲಿ ದೇವರ ಪಾದವನ್ನು ಸೇರಿದರು. ಇಂದಿಗೂ ಕನ್ನಡ ನಾಡಿನ ಎಷ್ಟೋ ಕುಟುಂಬಗಳು ತಮ್ಮ ರೋಗಿಗಳನ್ನು ಕರೆದುಕೊಂಡು ವೆಲ್ಲೂರಿಗೆ ಹೋಗಿಬರುತ್ತಿರುವುದು ಓದುಗರಿಗೆ ತಿಳಿದೇ ಇದೆ.

ಈ ಕಥೆಯಲ್ಲಿ ನಾವು ಗಮನಿಸಬೇಕಾದ ಒಂದು ವಿಶೇಷವುಂಟು. ಆ ರಾತ್ರಿಯ ಕರೆಯು ಮನೆಯ ಹಿರಿಯರ ಅಪ್ಪಣೆಯಾಗಿ ಬರಲಿಲ್ಲ. ಅದು ನೆರೆಯವರ ಸಂಕಟವಾಗಿ ಬಾಗಿಲಿಗೆ ಬಂತು. ತೀರ್ಮಾನವನ್ನು ಆ ತರುಣಿಯೇ ಮಾಡಿದಳು.

ಇನ್ನು ನಮ್ಮ ಸ್ವಂತ ಸಂಗತಿಯನ್ನು ಸ್ವಲ್ಪ ಹೇಳಬೇಕಾಗಿದೆ. ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರಿಗೆ ಇದರ ಒಂದೆರಡು ಚೂರುಗಳು ಗೊತ್ತಿವೆ. ಪೂರ್ತಿಯಾಗಿ ನಾವು ಯಾರಿಗೂ ಹೇಳಿರಲಿಲ್ಲ.

ನಾವು ಈ ಶಾಲೆಯಲ್ಲಿ 1978ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, 1980ರಲ್ಲಿ ಪಿ.ಯು.ಸಿ.ಯಲ್ಲಿ ತೇರ್ಗಡೆಯಾದೆವು. ಐಡಾ ಅಮ್ಮನವರ ಕಥೆಯನ್ನು ಭಾನುವಾರದ ಶಾಲೆಯಲ್ಲಿ ಕೇಳಿದ ದಿನದಿಂದ ದಾದಿಯ ಕೆಲಸವನ್ನು ಕಲಿಯಬೇಕೆಂಬುದೊಂದೇ ನಮ್ಮ ಆಶೆಯಾಗಿತ್ತು. ವೆಲ್ಲೂರಿನ ಶುಶ್ರೂಷಾ ಕಾಲೇಜಿನಲ್ಲಿ ಸ್ಥಳ ದೊರೆತಿದೆಯೆಂದು ಕಾಗದ ಬಂದಾಗ, ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದ ನಮ್ಮ ತಂದೆಯವರು ಸಾಲಮಾಡಿ ಒಂದು ಟ್ರಂಕನ್ನು ತಂದರು. ತಾಯಿಯವರು ಎರಡು ಬಿಳಿಯ ಸೀರೆಗಳನ್ನೂ ಒಂದು ಸೊಳ್ಳೆಪರದೆಯನ್ನೂ ಅದರಲ್ಲಿ ಮಡಿಸಿ ಇಟ್ಟರು. ಹೊರಡುವುದಕ್ಕೆ ಹನ್ನೊಂದು ದಿನಗಳಿರುವಾಗ ತಾಯಿಯವರಿಗೆ ಪಕ್ಷವಾತ ಬಡಿಯಿತು. ಬಲಗೈ ಬಲಗಾಲು ಬಿದ್ದುಹೋದವು, ಮಾತೂ ನಿಂತುಹೋಯಿತು. ಮನೆಯಲ್ಲಿ ಇನ್ನೂ ಶಾಲೆಗೆ ಹೋಗುತ್ತಿದ್ದ ಇಬ್ಬರು ತಮ್ಮಂದಿರೂ ಒಬ್ಬ ತಂಗಿಯೂ ಇದ್ದರು.

ನೋಡಲು ಬಂದ ನೆಂಟರಿಷ್ಟರಲ್ಲಿ ಹೆಚ್ಚಿನವರು ಒಂದೇ ಮಾತನ್ನು ಆಡಿದರು. ಇದು ದೇವರ ಚಿತ್ತ. ಹುಡುಗಿಯು ದೂರ ಹೋಗುವುದು ಆತನಿಗೆ ಇಷ್ಟವಿಲ್ಲದೆಯೇ ಹೀಗಾಯಿತು, ಎಂದು. ಆ ಮಾತನ್ನು ಅವರು ನಮ್ಮ ಹಿತಕ್ಕಾಗಿಯೇ ಆಡಿದರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಬ್ಬ ಹುಡುಗಿಯನ್ನು ಮನೆಯಲ್ಲಿ ನಿಲ್ಲಿಸುವುದಕ್ಕಾಗಿ ಅವಳ ತಾಯಿಯನ್ನು ಹಾಸಿಗೆಗೆ ಕೆಡಹುವ ದೇವರನ್ನು ತಂದೆಯೆಂದು ಕರೆಯುವುದು ಹೇಗೆಂದು ನಮ್ಮ ಎಳೆಯ ಮನಸ್ಸು ತತ್ತರಿಸಿತು. ಆ ದಿನಗಳಲ್ಲಿ ನಮ್ಮ ನಂಬಿಕೆಯು ನಂದುವ ದೀಪದ ಬತ್ತಿಯಂತೆ ಹೊಗೆಯಾಡುತ್ತಿತ್ತು.

ಅದನ್ನು ಉಳಿಸಿದವರು ನಮ್ಮ ಸಭೆಯ ಒಬ್ಬ ಮುದುಕಿ. ಅವರು ಹಿಂದೆ ಬೈಬಲ್ ಸ್ತ್ರೀಯಾಗಿ ಊರೂರು ತಿರುಗಿ ಸೇವೆಮಾಡಿದವರು; ಆಗ ನಿವೃತ್ತರಾಗಿ ಮಗನ ಮನೆಯಲ್ಲಿದ್ದರು. ಕೊಡೆಯನ್ನು ಊರಿಕೊಂಡು ಮಳೆಯಲ್ಲಿ ನಡೆದು ಬಂದ ಅವರು ದೇವರ ಚಿತ್ತದ ಮಾತನ್ನು ಎತ್ತಲೇ ಇಲ್ಲ. ಬಾವಿಯಿಂದ ನೀರು ಸೇದಿದರು, ಗಂಜಿ ಬೇಯಿಸಿದರು, ತಾಯಿಯವರ ಮೈಯನ್ನು ಒರೆಸಿ ಮಗ್ಗುಲು ಬದಲಾಯಿಸಿದರು, ಮೈಲಿಗೆಯ ಬಟ್ಟೆಗಳನ್ನು ಒಗೆದು ಹಾಕಿದರು. ಸಾಯಂಕಾಲ ನಾವೇ ತಾಳಲಾರದೆ ಕೇಳಿದೆವು: “ಅಜ್ಜೀ, ಇದು ದೇವರ ಚಿತ್ತವೇ?” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಮಗಾ, ಕಾಯಿಲೆ ಯಾಕೆ ಬಂತೆಂದು ನಾನು ಹೇಳಲಾರೆ. ಅದನ್ನು ಬಲ್ಲವರಂತೆ ಮಾತಾಡುವವರ ಮಾತನ್ನು ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಾಳೆ ಬೆಳಿಗ್ಗೆ ಈ ಮನೆಯಲ್ಲಿ ಮಾಡಬೇಕಾದ ಕೆಲಸ ಏನೆಂದು ಮಾತ್ರ ನನಗೆ ಗೊತ್ತಿದೆ. ನಿನಗೂ ಗೊತ್ತಿದೆ. ಅದನ್ನು ಮಾಡು. ಮುಂದಿನದನ್ನು ಆತನು ಮುಂದೆ ತೋರಿಸುತ್ತಾನೆ.”

ಅಂದಿನಿಂದ ಇಂದಿನ ವರೆಗೆ ನಾವು ಕೇಳಿದ ಪ್ರಸಂಗಗಳು ನೂರಾರು. ಆದರೂ ದೇವರ ಚಿತ್ತವನ್ನು ಕುರಿತು ಇದಕ್ಕಿಂತ ದೊಡ್ಡ ಪ್ರಸಂಗವನ್ನು ಕೇಳಿದ್ದು ನಮಗೆ ನೆನಪಿಲ್ಲ. ಬಂದ ಕಷ್ಟವೆಲ್ಲವೂ ದೇವರ ಚಿತ್ತವೆಂದು ಅವರು ಹೇಳಲಿಲ್ಲ. ಬಂದ ಕಷ್ಟದ ನಡುವೆ ದೇವರ ಚಿತ್ತವನ್ನು ಮಾಡುವುದಕ್ಕೆ ಒಂದು ದಾರಿಯಿದೆಯೆಂದು ತೋರಿಸಿದರು. ಇವೆರಡಕ್ಕೂ ಇರುವ ಅಂತರವು ಬೆಟ್ಟಕ್ಕೂ ಬಯಲಿಗೂ ಇರುವಷ್ಟು.

ತಂದೆಯವರು ಮಾತ್ರ ನಮ್ಮನ್ನು ತಡೆಯಲಿಲ್ಲ. “ನೀನು ಹೋಗು ಮಗಳೇ, ಹೇಗಾದರೂ ನೋಡಿಕೊಳ್ಳುತ್ತೇವೆ” ಎಂದರು. ಆ ಮಾತಿಗೆ ನಾವು ಇಂದಿಗೂ ಋಣಿಗಳು. ಯಾಕಂದರೆ ಅವರು ಬಾಗಿಲನ್ನು ತೆರೆದಿಟ್ಟದ್ದರಿಂದಲೇ ನಾವು ಮನೆಯಲ್ಲಿ ನಿಂತದ್ದು ಸೆರೆಯಾಗಲಿಲ್ಲ, ಕಾಣಿಕೆಯಾಯಿತು. ಮೂರು ದಿನ ಪ್ರಾರ್ಥಿಸಿ, ನಾಲ್ಕನೆಯ ದಿನ ಕಾಲೇಜಿಗೆ ಕಾಗದ ಬರೆದು ನಮ್ಮ ಕೈಯಿಂದಲೇ ಅಂಚೆಯ ಪೆಟ್ಟಿಗೆಗೆ ಹಾಕಿದೆವು. ಟ್ರಂಕಿನಲ್ಲಿದ್ದ ಬಿಳಿಯ ಸೀರೆಗಳನ್ನು ಕತ್ತರಿಸಿ ತಾಯಿಯವರ ಹಾಸಿಗೆಗೆ ಹಾಸುಬಟ್ಟೆ ಮಾಡಿದೆವು. ತಾಯಿಯವರು ಕಣ್ಣಿನಿಂದಲೇ ಬೇಡವೆಂದರು; ಬಟ್ಟೆಯ ಅವಶ್ಯವು ಬಹಳವಿತ್ತು.

ಅವರು ಇನ್ನೂ ಆರು ವರ್ಷ ಬದುಕಿದ್ದು 1986ರಲ್ಲಿ ಕರ್ತನಲ್ಲಿ ನಿದ್ರೆಹೋದರು. ಆ ಅವಧಿಯಲ್ಲಿ ನಾವು ಮನೆಯಲ್ಲಿದ್ದುಕೊಂಡೇ ಅಂಚೆಯ ಮೂಲಕ ಬಿ.ಎ. ಓದಿದೆವು, ತಂಗಿಯು ದೊಡ್ಡವಳಾದ ಮೇಲೆ ಅವಳ ನೆರವಿನಿಂದ ಬಿ.ಎಡ್. ಮುಗಿಸಿದೆವು. 1987ರಲ್ಲಿ ಈ ಶಾಲೆಗೆ ಕನ್ನಡವನ್ನೂ ಸತ್ಯವೇದ ಪಾಠವನ್ನೂ ಕಲಿಸಲು ಬಂದು 2022ರಲ್ಲಿ ನಿವೃತ್ತರಾದೆವು. ಶಾಲೆಯ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯು ಅಷ್ಟು ವರ್ಷಗಳೂ ನಮ್ಮ ವಶದಲ್ಲಿಯೇ ಇತ್ತು. ಮೊಣಕಾಲು ತರಚಿಕೊಂಡು ಬಂದವರಿಗೆ ನಾವು ಅವಶ್ಯಕ್ಕಿಂತ ದೊಡ್ಡ ಪಟ್ಟಿಯನ್ನು ಕಟ್ಟುತ್ತಿದ್ದೆವೆಂದು ಹಳೆಯ ವಿದ್ಯಾರ್ಥಿನಿಯರು ನಗುತ್ತಾರೆ. ಅದರ ಕಾರಣವು ಈಗ ಅವರಿಗೆ ತಿಳಿಯಿತು.

ದೇವರು ನಮ್ಮ ಆಶೆಗೆ ಬದಲಾಗಿ ಅದಕ್ಕಿಂತ ಉತ್ತಮವಾದದ್ದನ್ನು ಕೊಟ್ಟನೆಂದು ಇಲ್ಲಿ ಬರೆಯುವುದು ಸುಲಭ. ಇಂಥ ಲೇಖನಗಳಲ್ಲಿ ಹಾಗೆ ಬರೆಯುವುದು ವಾಡಿಕೆಯೂ ಹೌದು. ಆದರೆ ಹಾಗೆ ತೂಗಿ ನೋಡುವ ತಕ್ಕಡಿ ನಮ್ಮ ಕೈಯಲ್ಲಿಲ್ಲ. ಆಸ್ಪತ್ರೆಯಲ್ಲಿ ರಾತ್ರಿಯ ಪಾಳಿಯ ದಾದಿಯು ದೀಪವನ್ನು ತಗ್ಗಿಸಿ ರೋಗಿಯ ನಾಡಿಯನ್ನು ಹಿಡಿಯುವುದನ್ನು ಕಂಡರೆ ಇಂದಿಗೂ ನಮ್ಮ ಎದೆಯಲ್ಲಿ ಏನೋ ಮಿಡಿಯುತ್ತದೆ. ನಮ್ಮ ತರಗತಿಯಲ್ಲಿ ಕುಳಿತ ಹುಡುಗಿಯರಲ್ಲಿ ಎಷ್ಟೋ ಮಂದಿ ದಾದಿಯರಾಗಿದ್ದಾರೆ. ಅದನ್ನು ನಮ್ಮ ನಷ್ಟದ ಪರಿಹಾರವೆಂದು ನಾವು ಲೆಕ್ಕದಲ್ಲಿ ಬರೆದುಕೊಳ್ಳುವುದಿಲ್ಲ. ಅವರ ಕರೆಯು ಅವರದು. ನಾವು ಹೇಳಬಲ್ಲದ್ದು ಇಷ್ಟೇ: ಒಪ್ಪಿಸಿಕೊಟ್ಟ ಆಶೆಯು ಸಾಯಲಿಲ್ಲ, ಕಹಿಯೂ ಆಗಲಿಲ್ಲ. ದೇವರು ಅದನ್ನು ತೆಗೆದುಕೊಂಡು ಎಸೆದುಬಿಡಲಿಲ್ಲ. ತನ್ನ ಬಳಿಯಲ್ಲಿ ಇಟ್ಟುಕೊಂಡಿದ್ದಾನೆ.

ಇದೇ ಸಂದರ್ಭದಲ್ಲಿ ನಮ್ಮ ಕನ್ನಡಕ್ಕೆ ಬಹಳ ಬೇಕಾದ ಹೆರ್ಮನ್ ಮೋಗ್ಲಿಂಗ್ ಅಯ್ಯನವರ ನೆನಪಾಗುತ್ತದೆ. 1836ರಲ್ಲಿ ಮಂಗಳೂರಿಗೆ ಬಂದ ಅವರು 1843ರಲ್ಲಿ ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಹಳೆಯ ಕನ್ನಡ ಗ್ರಂಥಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಕೊಡಗಿನಲ್ಲಿಯೂ ಸೇವೆ ಮಾಡಿದರು. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಪದವಿಯನ್ನು ಕೊಟ್ಟಿತು. ಕೆಲಸವು ಹೀಗೆ ಫಲಕ್ಕೆ ಬರುತ್ತಿರುವಾಗ, ಪತ್ನಿಯ ಅನಾರೋಗ್ಯದ ಕಾರಣ 1860ರಲ್ಲಿ ಅವರು ಜರ್ಮನಿಗೆ ಹಿಂದಿರುಗಬೇಕಾಯಿತು. 1881ರಲ್ಲಿ ಅಲ್ಲಿಯೇ ತೀರಿಕೊಂಡರು. ಕಡಲು ದಾಟಿ ಬರುವುದು ಮಾತ್ರ ದೇವರ ಸೇವೆ, ರೋಗಿಯಾದ ಹೆಂಡತಿಗಾಗಿ ಹಿಂದಿರುಗುವುದು ಸೇವೆಯ ಕೊನೆ ಎಂದು ತಿಳಿಯುವವರು ದೇವರ ಚಿತ್ತವನ್ನು ಬಹಳ ಚಿಕ್ಕದಾಗಿ ಅಳೆಯುವವರು. ಐಡಾ ಅಮ್ಮನವರಿಗೆ ಅದು ಮನೆಯ ಸುಖವನ್ನು ಬಿಟ್ಟು ಹೊರಡುವುದಾಗಿ ಬಂತು; ಮೋಗ್ಲಿಂಗ್ ಅಯ್ಯನವರಿಗೆ ಪ್ರಿಯವಾದ ಕೆಲಸವನ್ನು ಬಿಟ್ಟು ಮನೆಗೆ ಹೋಗುವುದಾಗಿ ಬಂತು. ಆದಕಾರಣ ಒಬ್ಬರ ದಾರಿಯನ್ನು ಇನ್ನೊಬ್ಬರಿಗೆ ಅಳತೆಗೋಲು ಮಾಡಬಾರದು.

ಈಗ ಮಾತಾಪಿತೃಗಳಿಗೆ ಒಂದು ಮಾತು. ನೀವು ನಮ್ಮ ಶಾಲೆಯ ಮೇಲೆ ಭರವಸವಿಟ್ಟು ಮಕ್ಕಳನ್ನು ಕಳುಹಿಸಿದವರು. ಇದನ್ನು ಪ್ರೀತಿಯಿಂದಲೇ ಕೇಳುವಿರೆಂದು ನಂಬಿದ್ದೇವೆ.

1996ರಲ್ಲಿ ನಮ್ಮ ಶಾಲೆಯಲ್ಲಿ ಚುರುಕಾದ ಒಬ್ಬ ಹುಡುಗಿ ಇದ್ದಳು. ಹತ್ತನೆಯ ತರಗತಿಯನ್ನು ಮುಗಿಸುತ್ತಲೇ ಅವಳಿಗೆ ಮದುವೆಯ ಸಂಬಂಧವೊಂದು ಬಂತು. ಮನೆ ಒಳ್ಳೆಯದು, ವರನಿಗೆ ಪರದೇಶದಲ್ಲಿ ಉದ್ಯೋಗ. ಹುಡುಗಿಗೆ ವಯಸ್ಸು 16. 1978ರ ತಿದ್ದುಪಡಿಯಿಂದ ಹೆಣ್ಣಿನ ಮದುವೆಗೆ 18 ವರ್ಷ ತುಂಬಿರಬೇಕೆಂದು ಕಾನೂನಾಗಿತ್ತು. ಆಗಿನ ಮುಖ್ಯೋಪಾಧ್ಯಾಯಿನಿಯವರೂ ನಾವೂ ಅವರ ಮನೆಗೆ ಹೋದಾಗ ತಂದೆಯವರು, ತಾವು ಒಂದು ವಾರ ಪ್ರಾರ್ಥಿಸಿದ್ದಾಗಿಯೂ ಇದು ದೇವರ ಚಿತ್ತವೆಂದು ತಮಗೆ ಖಂಡಿತವಾಗಿದೆಯೆಂದೂ ಹೇಳಿದರು. ಮುಖ್ಯೋಪಾಧ್ಯಾಯಿನಿಯವರು ಕಾನೂನಿನ ಮಾತನ್ನು ತಿಳಿಸಿದ ಮೇಲೆ ಮೆಲ್ಲಗೆ ಕೇಳಿದರು: “ಮಗಳೂ ಪ್ರಾರ್ಥಿಸಿರಬೇಕಲ್ಲವೇ? ಅವಳಿಗೆ ಏನು ತಿಳಿಯಿತೆಂದು ಕೇಳಿದಿರಾ?” ತಂದೆಯವರು ಸುಮ್ಮನಾದರು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ತಾಯಿಯವರು, “ಅವಳು ದಿನಾ ಅಳುತ್ತಾಳೆ, ಅಮ್ಮನವರೇ” ಎಂದರು. ಆ ಮನೆಯಲ್ಲಿ ಅದು ವರೆಗೆ ಯಾರೂ ಆಡದ ಮಾತು ಅದು. ಹುಡುಗಿ ಮುಂದೆ ಓದಿದಳು. ತಂದೆಯವರೇ ಅವಳನ್ನು ಕಾಲೇಜಿಗೆ ಸೇರಿಸಲು ಕರೆದುಕೊಂಡು ಹೋದರು.

ಮಕ್ಕಳಿಗೆ ಒಳ್ಳೆಯದಾಗಲೆಂದು ಬಯಸುವುದು ಹೆತ್ತವರ ಧರ್ಮ. ಆದರೆ ನಮ್ಮ ಬಯಕೆಗೆ ದೇವರ ಹೆಸರಿನ ಮುದ್ರೆಯನ್ನು ಒತ್ತಿದರೆ ಮಕ್ಕಳಿಗೆ ಎದುರುತ್ತರವೇ ಇಲ್ಲದಂತಾಗುತ್ತದೆ. ತಂದೆಯ ಮಾತಿಗೆ ಮಗಳು ಉತ್ತರ ಕೊಟ್ಟಾಳು. ದೇವರ ಮಾತೆಂದು ಹೇಳಿದ್ದಕ್ಕೆ ಏನು ಹೇಳಿಯಾಳು? ಕೊನೆಗೆ ತಂದೆಯ ಮೇಲಿನ ಮುನಿಸು ದೇವರ ಮೇಲಿನ ಮುನಿಸಾಗುತ್ತದೆ. ಹೀಗೆ ದೇವಾಲಯದ ಮೆಟ್ಟಲನ್ನು ಹತ್ತದೆ ದೂರವಾದವರನ್ನು ನಾವು ಕಂಡಿದ್ದೇವೆ. ಆದಕಾರಣ ದೇವರ ಚಿತ್ತವೆಂಬ ಮಾತನ್ನು ನಮ್ಮ ಸ್ವಂತ ಆಶೆಯ ಮೇಲೆ ಮೊದಲು ಪ್ರಯೋಗಿಸಿ, ಬೇರೆಯವರ ಆಶೆಯ ಮೇಲೆ ಕೊನೆಗೆ ಪ್ರಯೋಗಿಸುವುದು ಕ್ಷೇಮ.

ಈ ಮಾತನ್ನು ತಪ್ಪಾಗಿ ಬಳಸುವವರು ಹಿರಿಯರು ಮಾತ್ರವೆಂದು ಹಳೆಯ ವಿದ್ಯಾರ್ಥಿನಿಯರು ಹಿಗ್ಗಬಾರದು. ಗಣಿತದ ಪರೀಕ್ಷೆಯ ಹಿಂದಿನ ದಿನ ಒಬ್ಬ ಹುಡುಗಿ ಬಂದು, ತಾನು ಬೀಜಗಣಿತವನ್ನು ಕಲಿಯುವುದು ದೇವರ ಚಿತ್ತವಲ್ಲವೆಂದು ತನಗೆ ಬಲವಾಗಿ ತೋರುತ್ತದೆಂದು ಹೇಳಿದಳು. ಆ ತೋರಿಕೆಯು ಪರೀಕ್ಷೆಯ ಮರುದಿನವೂ ಇದ್ದರೆ ವಿಚಾರಿಸೋಣವೆಂದು ಹೇಳಿ ಕಳುಹಿಸಿದೆವು. ಅವಳು ತೇರ್ಗಡೆಯಾದಳು, ಆ ತೋರಿಕೆಯ ಸುದ್ದಿಯನ್ನು ಮತ್ತೆ ಎತ್ತಲಿಲ್ಲ.

ಹಾಗಾದರೆ ತಿಳಿಯುವುದು ಹೇಗೆ? ನಮ್ಮ ಅನುಭವದಲ್ಲಿ ಕಂಡ ನಾಲ್ಕು ಗುರುತುಗಳನ್ನು ಬರೆಯುತ್ತೇವೆ. ಮೊದಲನೆಯದು, ದೇವರು ತನ್ನ ವಾಕ್ಯದಲ್ಲಿ ಬೇಡವೆಂದದ್ದನ್ನು ಗುಟ್ಟಾಗಿ ಒಬ್ಬರಿಗೆ ಬೇಕೆಂದು ಹೇಳುವುದಿಲ್ಲ. ಸುಳ್ಳು, ಅನ್ಯಾಯ, ನೆರೆಯವರ ತಿರಸ್ಕಾರ, ಇವುಗಳ ದಾರಿಯಾಗಿ ಆತನ ಚಿತ್ತವು ಬರುವುದಿಲ್ಲ. ಎರಡನೆಯದು, ಆತನ ಚಿತ್ತವು ಬಹುಮಟ್ಟಿಗೆ ದೂರದ ಆಕಾಶದಲ್ಲಿ ಅಲ್ಲ, ಹತ್ತಿರದ ಅವಶ್ಯದಲ್ಲಿ ಕಾಣುತ್ತದೆ. ಅದು ಬಾಗಿಲು ತಟ್ಟುತ್ತದೆ, ಅಥವಾ ಪಕ್ಕದ ಹಾಸಿಗೆಯಲ್ಲಿ ಮಲಗಿರುತ್ತದೆ. ಮೂರನೆಯದು, ಬೆಲೆ ತೆರುವವರು ಯಾರೆಂದು ನೋಡಬೇಕು. ನಾವು ದೇವರ ಚಿತ್ತವೆಂದು ಹೇಳುವುದರ ಲಾಭವೆಲ್ಲಾ ನಮಗೆ ಬಂದು ಭಾರವೆಲ್ಲಾ ಇನ್ನೊಬ್ಬರ ತಲೆಯ ಮೇಲೆ ಬಿದ್ದರೆ, ಅಲ್ಲಿ ನಿಂತು ಮತ್ತೊಮ್ಮೆ ಪ್ರಾರ್ಥಿಸಬೇಕು. ಗೆತ್ಸೇಮನೆಯಲ್ಲಿ ಒಪ್ಪಿಸಿಕೊಟ್ಟವನು ತನ್ನ ಪ್ರಾಣವನ್ನು ಒಪ್ಪಿಸಿಕೊಟ್ಟನೇ ಹೊರತು ಮರದ ಕೆಳಗೆ ಮಲಗಿದ್ದ ಶಿಷ್ಯರ ಪ್ರಾಣವನ್ನಲ್ಲ. ನಾಲ್ಕನೆಯದು, ಅನುಕೂಲವಾದ ಬಾಗಿಲು ತೆರೆದಿರುವುದೇ ದೇವರ ಒಪ್ಪಿಗೆಯ ಗುರುತಲ್ಲ. ಯೋನನು ದೇವರ ಸಮ್ಮುಖದಿಂದ ಓಡಿಹೋಗುವಾಗ ಯೊಪ್ಪದ ರೇವಿನಲ್ಲಿ ತಾರ್ಷೀಷಿಗೆ ಹೋಗುವ ಹಡಗು ಸಿದ್ಧವಾಗಿಯೇ ಇತ್ತು. ಅವನ ಕೈಯಲ್ಲಿ ಪ್ರಯಾಣದ ದರಕ್ಕೆ ಹಣವೂ ಇತ್ತು.

ಈ ಗುರುತುಗಳನ್ನು ಒಬ್ಬೊಬ್ಬರೇ ಕುಳಿತು ಪರೀಕ್ಷಿಸುವುದಕ್ಕಿಂತ, ನಮ್ಮಿಂದ ಏನನ್ನೂ ಅಪೇಕ್ಷಿಸದ ಒಬ್ಬ ಭಕ್ತ ಹಿರಿಯರ ಸಂಗಡ ಕುಳಿತು ಪರೀಕ್ಷಿಸುವುದು ಮೇಲು. ಅಂಥವರು ಪ್ರತಿಯೊಂದು ಸಭೆಯಲ್ಲಿಯೂ ಇರುತ್ತಾರೆ. ಅವರು ಪ್ರಾಯಶಃ ವೇದಿಕೆಯ ಮೇಲೆ ಇರುವುದಿಲ್ಲ. ಹಿಂದಿನ ಬೆಂಚಿನಲ್ಲಿ ಇರುತ್ತಾರೆ.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕೆಲವರು ಬಯಸಿದ್ದನ್ನು ಪಡೆದಿದ್ದೀರಿ. ಕೆಲವರು ಕೈಯಲ್ಲಿದ್ದುದನ್ನು ಬಿಟ್ಟುಕೊಟ್ಟಿದ್ದೀರಿ. ಪಡೆದವರು ಅದನ್ನು ಸ್ವಂತ ಸೊತ್ತೆಂದು ಹಿಡಿದುಕೊಳ್ಳದೆ ಹನ್ನಳಂತೆ ದೇವರ ಸೇವೆಗೆ ತೆರೆದಿಡಿರಿ. ಬಿಟ್ಟುಕೊಟ್ಟವರು ನಾಚಬೇಡಿರಿ, ಬಿಟ್ಟದ್ದು ಚಿಕ್ಕದೆಂದು ಸುಳ್ಳು ಹೇಳಿಕೊಳ್ಳಲೂ ಬೇಡಿರಿ. ಅದು ದೊಡ್ಡದಾಗಿತ್ತೆಂದು ದೇವರಿಗೆ ತಿಳಿದಿದೆ. ಇನ್ನೂ ದಾರಿ ಕಾಣದೆ ನಿಂತಿರುವವರು ನಾಳೆ ಬೆಳಿಗ್ಗೆ ಮಾಡಬೇಕಾದ ಕೆಲಸವನ್ನು ಮೊದಲು ಮಾಡಿರಿ.

ಎಲ್ಲಾ ಆಶೆಗಳನ್ನೂ ಬಲ್ಲ ತಂದೆಯು ನಮ್ಮ ಶಾಲೆಯ ಮಕ್ಕಳನ್ನೂ ಅವರ ಮನೆಗಳನ್ನೂ ತನ್ನ ಚಿತ್ತದ ನೆರಳಿನಲ್ಲಿ ಕಾಪಾಡಲಿ.